ನಮಸ್ಕಾರ ಮುಗಿಯುವವರೆಗೆ ಕಾಯುವ ಬಾಗಿಲು

ಬೆಳಗಿನ ಐದೂವರೆ. ದೊಡ್ಡಬಳ್ಳಾಪುರದಿಂದ ಬಾಶೆಟ್ಟಿಹಳ್ಳಿ ಕಡೆಗೆ ಹೋಗುವ ರಸ್ತೆಯ ಒಂದು ಖಾಸಗಿ ಆಸ್ಪತ್ರೆ. ಅದರ ಮುಂಬಾಗಿಲಲ್ಲಿ ಐವತ್ತಮೂರರ ಗಂಡಸೊಬ್ಬರು ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ. ಮತ್ತೆ ಒಳಗೆ, ಮತ್ತೆ ಹೊರಗೆ. ಒಂದು ಸಲ ದಾಪುಗಾಲು, ಒಂದು ಸಲ ಆಮೆ ನಡಿಗೆ, ಇನ್ನೊಂದು ಸಲ ಎಡಗಾಲು ಎಳೆದುಕೊಂಡು. ಕೊನೆಗೆ ಬಾಗಿಲ ಗೆರೆಯಿಂದ ಅರ್ಧ ಹೆಜ್ಜೆ ಹೊರಗೆ ನಿಂತು, ಸೊಂಟ ಬಗ್ಗಿಸಿ, ನೆಲದ ಮೇಲಿನ ಸ್ಟೀಲ್ ಪಟ್ಟಿಯನ್ನು ಬಲಗೈಯಲ್ಲಿ ಮುಟ್ಟಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡು, ಮಂಡಿ ಹಿಡಿದು ಉಸ್ಸಪ್ಪಾ ಎಂದು ಏಳುತ್ತಾರೆ. ಅಷ್ಟೂ ಹೊತ್ತು ತುಟಿ ಅಲ್ಲಾಡುತ್ತಲೇ ಇರುತ್ತದೆ. ದೂರದಿಂದ ನೋಡಿದವರು ಮಂತ್ರವೋ ದುವಾವೋ ಅಂದುಕೊಳ್ಳಬೇಕು. ಎರಡೂ ಅಲ್ಲ, ಅದು ಎಣಿಕೆ. ಏಳು, ಎಂಟು, ಒಂಬತ್ತು. ಒಂಬತ್ತಕ್ಕೆ ಸರಿಯಾಗಿ ಗಾಜಿನ ಎರಡು ಕದಗಳು ಸದ್ದಿಲ್ಲದೆ ಬಂದು ಕೂಡಿಕೊಳ್ಳುತ್ತವೆ.

ವಾರ್ಡಿನಿಂದ ಟೀ ಹುಡುಕಿಕೊಂಡು ಹೊರಬಂದ ಯುವಕನೊಬ್ಬ ಇದನ್ನೆಲ್ಲ ನೋಡಿ ಬಾಗಿಲ ಕಾವಲಿನ ದೇವೇಂದ್ರನ ಹತ್ತಿರ ದನಿ ತಗ್ಗಿಸುತ್ತಾನೆ. "ಯಾರ್ ಗುರು ಇವ್ರು? ತಲೆ ಗಿಲೆ ಕೆಟ್ಟಿದ್ಯಾ?"

"ಡಾಕ್ಟ್ರು ಕಣೋ," ಅನ್ನುತ್ತಾನೆ ದೇವೇಂದ್ರ. "ಬಾಗಿಲು ಡಾಕ್ಟ್ರು."

ಅವರ ಹೆಸರು ಚಾಂದ್ ಪಾಷಾ. ದೊಡ್ಡಬಳ್ಳಾಪುರ, ದೇವನಹಳ್ಳಿ, ನೆಲಮಂಗಲ, ದಾಬಸ್‌ಪೇಟೆ ಸುತ್ತಮುತ್ತ ತನ್ನಷ್ಟಕ್ಕೆ ತೆರೆದು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ಐವತ್ತೆಂಟು ಬಾಗಿಲುಗಳ ಆರೋಗ್ಯ ಇವರ ಕೈಯಲ್ಲಿದೆ. ಆಸ್ಪತ್ರೆ, ಬಟ್ಟೆ ಅಂಗಡಿ, ಒಡವೆ ಅಂಗಡಿ, ಬ್ಯಾಂಕು, ಹೋಟೆಲು, ಎರಡು ಕಲ್ಯಾಣ ಮಂಟಪ. ನೀವು ಆ ಕಡೆ ಓಡಾಡಿದ್ದರೆ ಇವರ ಬಾಗಿಲನ್ನು ದಾಟಿಯೇ ಇರುತ್ತೀರಿ. ನೆನಪಿರುವುದಿಲ್ಲ, ಅಷ್ಟೆ. ಅದಕ್ಕೆ ಅವರಿಗೆ ಬೇಸರವೂ ಇಲ್ಲ.

"ಬಾಗಿಲು ಕೆಟ್ಟಿದ್ರೆ ಜನ ತಿರುಗಿ ನೋಡ್ತಾರೆ, ಬೈತಾರೆ. ಸರಿ ಇದ್ರೆ ಯಾರೂ ತಿರುಗಿ ನೋಡಲ್ಲ," ಅನ್ನುತ್ತಾರೆ ಚಾಂದ್ ಪಾಷಾ. "ನನ್ನ ಕೆಲ್ಸಕ್ಕೆ ಅದೇ ಪರೀಕ್ಷೆ."

ಆದರೆ ಈ ಮಂಗಳವಾರ ಬೇರೆಯೇ ಒಂದು ಪರೀಕ್ಷೆ ಕಾದಿದೆ. ಆಸ್ಪತ್ರೆಯ ಕಟ್ಟಡ ನೋಡಿಕೊಳ್ಳಲು ಹೊಸದಾಗಿ ಬಂದ ವೇಣುಗೋಪಾಲ್ ಆರು ಗಂಟೆಗೆ ಬರುವವರಿದ್ದಾರೆ. ಬೆಂಗಳೂರಿನ ಹೆಡ್ ಆಫೀಸಿನಿಂದ ಅವರಿಗೆ ಆದೇಶ ಬಂದಿದೆ: ಎಲ್ಲ ಶಾಖೆಗಳಲ್ಲೂ, ಜನ ದಾಟಿದ ಎರಡು ಸೆಕೆಂಡಿಗೆ ಬಾಗಿಲು ಮುಚ್ಚಬೇಕು. ಎಸಿ ತಂಪು ಹೊರಗೆ ಹೋಗಬಾರದು, ರಸ್ತೆಯ ದೂಳು, ಸೊಳ್ಳೆ ಒಳಗೆ ಬರಬಾರದು. ಮಾತು ನ್ಯಾಯವಾದದ್ದೇ. ಆದರೆ ಇಲ್ಲಿನ ಮುಂಬಾಗಿಲು ಒಂಬತ್ತು ಸೆಕೆಂಡು ಬಾಯಿ ತೆರೆದುಕೊಂಡು ನಿಂತಿರುತ್ತದೆ. ಇಳಿಸದಿದ್ದರೆ ಈ ಆಸ್ಪತ್ರೆಯ ಐದೂ ಬಾಗಿಲುಗಳ ಕೆಲಸ ಬೆಂಗಳೂರಿನ ಕಂಪನಿಯೊಂದಕ್ಕೆ ಹೋಗುತ್ತದೆ. ಚಾಂದ್ ಪಾಷಾ ಜಗಳ ಆಡಲಿಲ್ಲ. ಒಂದೇ ಒಂದು ಮಾತು ಕೇಳಿಕೊಂಡರು: "ಅರ್ಧ ಗಂಟೆ ನನ್ ಜೊತೆ ಆ ಬಾಗಿಲ ಹತ್ರ ನಿಂತ್ಕೊಳಿ ಸಾರ್. ಮೊದಲ್ನೇ ಬಸ್ಸಿನ ಜನ ಒಳಗೆ ಹೋಗೋವರ್ಗೂ. ಆಮೇಲೂ ಎರಡೇ ಸಾಕು ಅನ್ಸಿದ್ರೆ ನಾನು ಏಣಿ ಎತ್ಕೊಂಡು ಹೋಗ್ತೀನಿ."

ಆ ಏಣಿ ಈಗ ಗೋಡೆಗೆ ಒರಗಿದೆ. ನಾಲ್ಕು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿ, ಮೊಪೆಡ್ಡಿನ ಪಕ್ಕಕ್ಕೆ ಸೈಕಲ್ ಟ್ಯೂಬಿನಲ್ಲಿ ಕಟ್ಟಿಕೊಂಡು ತಂದದ್ದು. ಕಾಲ ಬಳಿ ಒಂದು ಹಳೆಯ ಶಾಲೆ ಚೀಲ. ಅದರಲ್ಲಿ ಸ್ಪ್ಯಾನರು, ಟೆಸ್ಟರು, ಟಾರ್ಚು, ಮೆತ್ತನೆ ಬಟ್ಟೆ, ಹಲ್ಲುಜ್ಜುವ ಬ್ರಷ್ ಎರಡು, ಕೆಡದ ಹಾಗೆ ಕಾಗದದಲ್ಲಿ ಸುತ್ತಿಟ್ಟ ಒಂದು ರಬ್ಬರ್ ಬೆಲ್ಟು.

ಚಾಂದ್ ಪಾಷಾ ಹುಟ್ಟಿದ್ದು ದೊಡ್ಡಬಳ್ಳಾಪುರದಲ್ಲೇ, ಮಗ್ಗದ ಸದ್ದಿನ ನಡುವೆ. ತಂದೆ ಹಸನ್ ಬೇರೆಯವರ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಎಂಟನೇ ಕ್ಲಾಸು ಮುಗಿಸಿದ ಮಗ ನೇಯ್ಗೆಗೆ ಕೂರದೆ ಮಗ್ಗ ರಿಪೇರಿಗೆ ಇಳಿದ. ಪವರ್‌ಲೂಮ್‌ಗಳು ಒಂದೇ ಸಮ ಬಡಿಯುವ ಬೀದಿಯಲ್ಲಿ ನಡೆದುಹೋಗುತ್ತ, ಯಾವ ಮನೆಯ ಯಾವ ಮಗ್ಗದ ಪಟ್ಟಾ, ಅಂದರೆ ಬೆಲ್ಟು, ಸಡಿಲವಾಗಿದೆ ಎಂದು ಹೊರಗಿನಿಂದಲೇ ಹೇಳುತ್ತಿದ್ದರಂತೆ. ಬಡಾಯಿ ಅಂದುಕೊಳ್ಳಬೇಡಿ. ಆ ಬೀದಿಯ ಹಿರಿಯರು ಇವತ್ತಿಗೂ ಅದನ್ನೇ ಹೇಳುತ್ತಾರೆ.

ಮಗ್ಗಗಳು ಒಂದೊಂದಾಗಿ ನಿಂತಾಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿನ ಕಚೇರಿಗೆ ಒಂದು ದಿನ ತನ್ನಷ್ಟಕ್ಕೆ ತೆರೆಯುವ ಗಾಜಿನ ಬಾಗಿಲು ಬಂತು. ಅದನ್ನು ಕೂರಿಸಲು ಬಂದವರು ಮೇಲಿನ ಉದ್ದನೆಯ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಚಾಂದ್ ಪಾಷಾ ಇಣುಕಿ ನೋಡಿದರು. ಒಂದು ಮೋಟರು, ಅದಕ್ಕೊಂದು ಪಟ್ಟಾ, ಹಳಿಯ ಮೇಲೆ ಓಡುವ ಗಾಲಿಗಳು, ಗಾಲಿಗೆ ನೇತುಹಾಕಿದ ಕದಗಳು.

"ಇದೇನ್ಲಾ ಇದು, ನಮ್ಮ ಮಗ್ಗಾನೇ ಮೇಲೆ ಹತ್ತಿ ಕೂತ್ಕೊಂಡಿದ್ಯಲ್ಲ ಅನ್ನಿಸ್ತು," ಎಂದು ನಗುತ್ತಾರೆ. "ಒಂದೇ ವ್ಯತ್ಯಾಸ. ಮಗ್ಗಕ್ಕೆ ಕಣ್ಣಿರಲಿಲ್ಲ, ಇದಕ್ಕೆ ಕಣ್ಣಿದೆ."

ಕಣ್ಣು ಅಂದರೆ ಸೆನ್ಸರು. ಬಾಗಿಲ ಮೇಲೆ ಅಂಗೈ ಅಗಲದ ಕಪ್ಪು ಡಬ್ಬಿ. ಅದು ಮನುಷ್ಯರನ್ನು ನೋಡುವುದಿಲ್ಲ, ಅಲುಗಾಟವನ್ನಷ್ಟೇ ನೋಡುತ್ತದೆ. ಏನು ಅಲುಗಿದರೂ ಬಾಗಿಲು ತೆರೆಯುತ್ತದೆ, ಅಲುಗದೆ ನಿಂತದ್ದು ಅದರ ಲೆಕ್ಕಕ್ಕೆ ಇಲ್ಲ, ನೆಲಕ್ಕೆ ಬಗ್ಗಿದವರ ಸಣ್ಣ ಅಲುಗಾಟವೂ ಅದಕ್ಕೆ ಎಟುಕುವುದಿಲ್ಲ. ಈ ಒಂದು ಗುಣದಿಂದಾಗಿ ಚಾಂದ್ ಪಾಷಾ ಕಂಡ ಕೌತುಕಗಳನ್ನು ಬರೆದರೆ ಈ ಪುಟ ಸಾಲದು. ನೆಲಮಂಗಲದ ಒಡವೆ ಅಂಗಡಿಯವರು ದೃಷ್ಟಿಗೆಂದು ಬಾಗಿಲ ಮೇಲೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಫ್ಯಾನಿನ ಗಾಳಿಗೆ ಅದು ತೂಗಿದಾಗಲೆಲ್ಲ ಬಾಗಿಲು ತೆರೆಯುತ್ತಿತ್ತು. ಮಾಲೀಕರು ಮೊದಲ ದಿನ ಲಕ್ಷ್ಮಿ ಬರುತ್ತಿದ್ದಾಳೆಂದು ಕೈಮುಗಿದರಂತೆ. ಮೂರನೆಯ ದಿನ, ಬಂದವಳು ಹೋಗುತ್ತಿದ್ದಾಳೇನೋ ಎಂದು ಗಾಬರಿಬಿದ್ದು ಫೋನು ಮಾಡಿದರು.

ದೇವನಹಳ್ಳಿಯ ಬಟ್ಟೆ ಅಂಗಡಿಯ ಕಥೆ ಇನ್ನೊಂದು. ಅಲ್ಲಿ ಕಸ ಗುಡಿಸುವ ನರಸಮ್ಮ ಶುಕ್ರವಾರ ಬಂತೆಂದರೆ ಬಾಗಿಲ ಕೆಳಗಿನ ಸ್ಟೀಲ್ ಪಟ್ಟಿಯನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಅದರ ಮೇಲೇ ರಂಗೋಲಿ ಎಳೆಯುತ್ತಿದ್ದರು. ಪುಡಿ ಪಟ್ಟಿಯ ಸಂದಿಗೆ ಇಳಿದು ಶನಿವಾರದ ಹೊತ್ತಿಗೆ ಕದ ಕಿರುಗುಟ್ಟಿ ನಿಲ್ಲುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುವ ಹಾಗೆ ಮಾಲೀಕರು ಎರಡು ಸಲ ಮೋಟರು ಬದಲಾಯಿಸಿದ್ದರು. ಚಾಂದ್ ಪಾಷಾ ಬಂದು ಪಟ್ಟಿಯ ಸಂದಿಗೆ ಬೆರಳಾಡಿಸಿ, ಬಿಳಿಯಾದ ಬೆರಳನ್ನು ನೋಡಿಕೊಂಡು, ಮೋಟರಿನ ಸುದ್ದಿಗೇ ಹೋಗದೆ ನರಸಮ್ಮನನ್ನು ಕರೆದರು. ಬೈಯಲಿಲ್ಲ. ಸೀಮೆಸುಣ್ಣದಲ್ಲಿ ಒಂದು ಗೇಣು ಹೊರಗೆ ಗೆರೆ ಎಳೆದು, "ಅಮ್ಮ, ಲಕ್ಷ್ಮಿ ಇಲ್ಲಿವರ್ಗೂ ನಡ್ಕೊಂಡ್ ಬರ್ಲಿ, ಇಲ್ಲಿಂದ ಒಳಕ್ಕೆ ನಾನು ಕರ್ಕೊಂಡ್ ಹೋಗ್ತೀನಿ," ಅಂದರು. ಅಂದಿನಿಂದ ರಂಗೋಲಿ ಗೆರೆ ದಾಟಿಲ್ಲ.

ಆಯುಧಪೂಜೆಯ ಮಾರನೆಯ ದಿನ ಇವರ ಮನೆಯಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಹೋದ ವರ್ಷ ಹದಿನಾಲ್ಕು ಕರೆ. ಎಲ್ಲದಕ್ಕೂ ಒಂದೇ ಕಾರಣ: ಭಕ್ತಿಯಿಂದ ಬಾಗಿಲ ಕಣ್ಣಿಗೇ ಕುಂಕುಮದ ಬೊಟ್ಟಿಟ್ಟಿರುತ್ತಾರೆ, ಇಲ್ಲವೇ ಅದರ ಮುಂದೆ ಚೆಂಡುಹೂವಿನ ಹಾರ ಇಳಿಬಿಟ್ಟಿರುತ್ತಾರೆ. ಫೋನು ಎತ್ತುವುದು ಹೆಂಡತಿ ಪರ್ವೀನ್. ಏಣಿಯ ಮೇಲೆ ನಿಂತ ಮನುಷ್ಯ ಫೋನು ತೆಗೆಯಬಾರದೆಂದು ಹದಿನೈದು ವರ್ಷದ ಹಿಂದೆಯೇ ತಮ್ಮ ನಂಬರನ್ನೇ ಎಲ್ಲ ಬಾಗಿಲಿಗೂ ಅಂಟಿಸುವಂತೆ ಮಾಡಿದವರು ಆಕೆ. ಹೊಲಿಗೆ ಯಂತ್ರದ ಮುಂದೆ ಕೂತೇ ಅರ್ಧ ಬಾಗಿಲುಗಳನ್ನು ವಾಸಿ ಮಾಡುತ್ತಾರೆ.

"ನಾನು ಮೊದ್ಲು ಕೇಳೋದೇ, ಬೊಟ್ಟು ಎಲ್ಲಿಟ್ಟಿದ್ದೀರಾ ಅಂತ," ಅನ್ನುತ್ತಾರೆ ಪರ್ವೀನ್. "ಮೆತ್ತನೆ ಬಟ್ಟೇಲಿ ಒರೆಸ್ಬಿಟ್ಟು ಎರಡು ಬೆರಳು ಕೆಳಗಿಡಿ ಅಂತೀನಿ. ಐದು ನಿಮಿಷಕ್ಕೆ ವಾಪಸ್ ಫೋನ್ ಮಾಡ್ತಾರೆ, ಬಾಗಿಲು ತೆಗೀತು ಅಕ್ಕ ಅಂತ. ಇವ್ರಿಗೆ ಪೆಟ್ರೋಲ್ ಉಳೀತು."

ಈಗ ಚಾಂದ್ ಪಾಷಾ ಪ್ರತಿ ಬಾಗಿಲ ಪೆಟ್ಟಿಗೆಯ ಮೇಲೂ ಒಂದು ಹಳದಿ ಸ್ಟಿಕ್ಕರ್ ಅಂಟಿಸುತ್ತಾರೆ. 'ಕುಂಕುಮ ಇಲ್ಲಿ ಇಡಿ' ಎಂದು ಬರೆದಿದೆ. ಬೊಟ್ಟಿಗೆ ಅಂತ ಪುಟ್ಟ ವೃತ್ತ. ಪೂಜೆಯನ್ನು ನಿಲ್ಲಿಸುವ ಯೋಚನೆ ಅವರಿಗೆ ಬಂದೇ ಇಲ್ಲ. ಪೂಜೆಗೆ ಜಾಗ ಮಾಡಿಕೊಟ್ಟರು, ಮುಗಿಯಿತು.

ದಿನಕ್ಕೆ ನಾಲ್ಕು ಬಾಗಿಲು, ಎಪ್ಪತ್ತು ಕಿಲೋಮೀಟರು. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬಿಟ್ಟರೆ ಬಿಡುವೆನ್ನುವುದು ಕಡಿಮೆ. ಈ ಆಸ್ಪತ್ರೆಯ ಮುಂಬಾಗಿಲೊಂದೇ ದಿನಕ್ಕೆ ಸಾವಿರದ ಎಂಟುನೂರು ಸಲ ತೆರೆಯುತ್ತದೆ. ಒಂದೊಂದು ಕದ ಎಪ್ಪತ್ತು ಕಿಲೋಗೂ ಮೇಲೆ. ಕೆಲಸವೆಲ್ಲ ತಲೆಯ ಮೇಲೆ ಕೈ ಎತ್ತಿ ಮಾಡುವಂಥದ್ದು. ಹಾಗಾಗಿ ಬಲಭುಜ ಕೈಕೊಟ್ಟಿದೆ, ಅಂಗಿ ತೊಡುವಾಗ ಪರ್ವೀನ್ ತೋಳು ಹಿಡಿಯಬೇಕು. ಇಲಿ ಬೆಲ್ಟು ಕಡಿದದ್ದಕ್ಕೆ, ಹಲ್ಲಿ ಸೆನ್ಸರಿನ ಮುಂದೆ ಸಂಸಾರ ಹೂಡಿದ್ದಕ್ಕೆ, ಕರೆಂಟು ಹೋಗಿ ಬಂದದ್ದಕ್ಕೆ, ಎಲ್ಲದಕ್ಕೂ ಬೈಗುಳ ತಿನ್ನುವುದು ಇವರೇ. ಅದನ್ನೆಲ್ಲ ಅವರು ನಗುತ್ತಲೇ ಹೇಳುತ್ತಾರೆ. ನಗು ನಿಲ್ಲುವುದು ಒಂಬತ್ತು ಸೆಕೆಂಡಿನ ಮಾತು ಬಂದಾಗ.

ಆರು ವರ್ಷದ ಹಿಂದೆ ಈ ಬಾಗಿಲೂ ಎರಡೇ ಸೆಕೆಂಡಿಗೆ ಮುಚ್ಚುತ್ತಿತ್ತು. ಕಂಪನಿಯ ಪುಸ್ತಕದಲ್ಲಿ ಹಾಗೇ ಇತ್ತು, ಚಾಂದ್ ಪಾಷಾ ಹಾಗೇ ಮಾಡಿದ್ದರು. ಒಂದು ಬೆಳಿಗ್ಗೆ ಘಾಟಿ ದೇವಸ್ಥಾನದ ಪಕ್ಕದ ಹಳ್ಳಿಯಿಂದ ಮೊದಲ ಬಸ್ಸಿಗೆ ಮುನಿಲಕ್ಷ್ಮಮ್ಮ ಬಂದರು. ಹಿಂದಿನ ದಿನ ಎದೆನೋವೆಂದು ಸೇರಿಸಿದ್ದ ಗಂಡ ಗೋಪಾಲಪ್ಪ ಒಳಗಿದ್ದರು. ಕೈಯಲ್ಲಿ ಗಂಜಿಯ ಡಬ್ಬಿ. ಗಾಜಿನ ಕದಗಳು ತೆರೆದುಕೊಂಡವು. ಆಕೆ ಒಳಗೆ ಕಾಲಿಡಲಿಲ್ಲ. ಹೊಸ ಜಾಗಕ್ಕೆ, ಅದೂ ಗಂಡನ ಜೀವ ಇರುವ ಜಾಗಕ್ಕೆ, ಹೊಸ್ತಿಲು ಮುಟ್ಟದೆ ಹೋಗುವುದುಂಟೆ? ಈ ಬಾಗಿಲಿಗೆ ಹೊಸ್ತಿಲೇ ಇಲ್ಲ. ಆದರೆ ನೆಲದಲ್ಲಿ ಹೊಳೆಯುವ ಸ್ಟೀಲ್ ಪಟ್ಟಿ ಇದೆಯಲ್ಲ, ಅದನ್ನೇ ಹೊಸ್ತಿಲು ಅಂದುಕೊಂಡು ಬಗ್ಗಿದರು. ಕಾಲು ಗೆರೆಯ ಹೊರಗೆ, ಕೈ ಮಾತ್ರ ಪಟ್ಟಿಯ ಮೇಲೆ, ಕಣ್ಣು ಮುಚ್ಚಿ, ಅಲುಗದೆ.

ಅಲುಗದವರು ಬಾಗಿಲಿಗೆ ಕಾಣುವುದಿಲ್ಲ. ಎರಡು ಸೆಕೆಂಡಿಗೆ ಕದಗಳು ಹೊರಟವು. ಆಕೆ ಎದ್ದು ಹೆಜ್ಜೆ ಇಡುವುದಕ್ಕೂ ಅವು ಕೂಡುವುದಕ್ಕೂ ಸರಿಹೋಯಿತು. ಹಣೆಗೆ ಬಡಿಯಿತು. ಹಿಂದಕ್ಕೆ ಬಿದ್ದರು. ಮಣಿಕಟ್ಟು ಮುರಿಯಿತು, ಗಂಜಿ ಚೆಲ್ಲಿತು.

"ಕೈ ಮುರಿದಿದ್ದು ಒಂದೂವರೆ ತಿಂಗಳಿಗೆ ಕೂಡ್ಕೊಳ್ತು," ಅನ್ನುತ್ತಾರೆ ಚಾಂದ್ ಪಾಷಾ. "ಆದ್ರೆ ಅವತ್ತು ಆಯಮ್ಮ ಒಳಗೆ ಬರ್ಲೇ ಇಲ್ಲ. ನಮಸ್ಕಾರ ಮಾಡಿದ್ರೂ ಮುಖಕ್ಕೆ ಬಾಗಿಲು ಹಾಕ್ತಲ್ಲ, ನಮ್ಮೋರು ಉಳಿಯಲ್ಲ ಅಂತ ಅಲ್ಲೇ ಮೆಟ್ಲ ಮೇಲೆ ಕೂತ್ಬಿಟ್ರು. ಎರಡು ಗಂಟೆ. ಒಳಗೆ ಆ ಯಜಮಾನ್ರು ಇವಳೆಲ್ಲಿ ಇವಳೆಲ್ಲಿ ಅಂತ ಕೇಳ್ತಾವ್ರೆ. ನಂಗೆ ಫೋನ್ ಬಂತು, ಓಡ್ಬಂದೆ. ಆ ಮುಖ ನೋಡ್ದೆ. ಆ ಎರಡು ಸೆಕೆಂಡು ಇಟ್ಟಿದ್ದು ನನ್ ಕೈ ಸಾರ್. ಬೇರೆ ಯಾರೂ ಅಲ್ಲ."

ಗೋಪಾಲಪ್ಪ ಉಳಿದರು. ಈಗಲೂ ತಿಂಗಳಿಗೊಮ್ಮೆ ತಪಾಸಣೆಗೆ ಬರುತ್ತಾರೆ. ಬೆಳಗಿನ ಬಸ್ಸಿಗೆ ಮುನಿಲಕ್ಷ್ಮಮ್ಮ ಮುಂದಾಗಿ ಬಂದು ಟೋಕನ್ ತೆಗೆದುಕೊಳ್ಳುವುದು, ಬಿಸಿಲೇರಿದ ಮೇಲೆ ಗೋಪಾಲಪ್ಪ ಅಣ್ಣನ ಮಗನ ಬೈಕಿನಲ್ಲಿ ಬರುವುದು, ಇದು ಅವರ ಏರ್ಪಾಡು. ಆದರೆ ಈ ಆರು ವರ್ಷದಲ್ಲಿ ಆಕೆ ಒಂದು ಸಲವೂ ಮುಂಬಾಗಿಲಿನಿಂದ ಒಳಗೆ ಹೋಗಿಲ್ಲ. ಆಂಬುಲೆನ್ಸ್ ನಿಲ್ಲುವ ಕಡೆ, ಕೈಯಲ್ಲಿ ತಳ್ಳುವ ಹಳೆಯ ಬಾಗಿಲೊಂದಿದೆ. ಸುತ್ತು ಹಾಕಿಕೊಂಡು ಅಲ್ಲಿಂದಲೇ ಹೋಗುತ್ತಾರೆ.

ಆ ಘಟನೆಯ ಮರುದಿನದಿಂದ ಚಾಂದ್ ಪಾಷಾ ಬೆಳಗಿನ ಹೊತ್ತು ಬಂದು ಈ ಬಾಗಿಲ ಹತ್ತಿರ ನಿಂತು ಜನರನ್ನು ನೋಡತೊಡಗಿದರು. ಆಗ ಅವರಿಗೆ ಕಂಡದ್ದು, ಬಗ್ಗುವವರು ಮುನಿಲಕ್ಷ್ಮಮ್ಮ ಒಬ್ಬರೇ ಅಲ್ಲ. ದೇವಸ್ಥಾನ, ಅಂಗಡಿ, ಬಸ್ಸಿನ ಮೆಟ್ಟಿಲು, ಎಲ್ಲವನ್ನೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜನ ಆಸ್ಪತ್ರೆಯ ಬಾಗಿಲನ್ನು ಬಿಡುತ್ತಾರೆಯೇ? ಹರೆಯದವರಿಗೆ ಮೂರು ಸೆಕೆಂಡು ಸಾಕು. ಮಂಡಿನೋವಿನವರಿಗೆ ಏಳು, ಎಂಟು. ಮೊಣಕಾಲಿನ ಮಟ್ಟಕ್ಕೆ ಇನ್ನೊಂದು ಜೊತೆ ಕಣ್ಣು ಹಾಕಿಸಿದರು. ಅದೂ ಪೂರ್ತಿ ಉಪಯೋಗಕ್ಕೆ ಬರಲಿಲ್ಲ, ಯಾಕೆಂದರೆ ಬಗ್ಗಿದವರ ಕೈ ಅದರ ಕೆಳಗಿನಿಂದ ಹೋಗುತ್ತದೆ. ಕೊನೆಗೆ ಸಮಯವನ್ನೇ ಹಿಗ್ಗಿಸಿದರು. ಒಂಬತ್ತು.

ಇದನ್ನು ಅಳೆಯಲು ಅವರೇ ದಿನಾ ಬಗ್ಗುತ್ತಾರೆ. ಮುಸಲ್ಮಾನರಾಗಿ ಹೊಸ್ತಿಲಿಗೆ ಬಗ್ಗುತ್ತೀರಲ್ಲ ಎಂದು ಯಾರೋ ಕೆಣಕಿದ್ದರಂತೆ. "ನಾನು ಅಳತೆ ತಗೋತೀನಪ್ಪ, ಟೈಲರ್ ಥರ ಅಂದೆ," ಎನ್ನುತ್ತಾರೆ. ಇನ್ನೊಂದು ಮಾತೂ ಸೇರಿಸುತ್ತಾರೆ. "ನಮ್ಮಮ್ಮಾನೂ ದರ್ಗಾದ ಹೊಸ್ತಿಲು ಮುಟ್ಟಿ ಕಣ್ಣಿಗೊತ್ಕೊಂಡೇ ಒಳಗೆ ಹೋಗೋರು. ಎಲ್ಲಾ ಅಮ್ಮಂದ್ರದೂ ಅದೇ ಸೊಂಟ, ಅದೇ ಮಂಡಿ."

ಮುನಿಲಕ್ಷ್ಮಮ್ಮನಿಗೆ ಎರಡು ಸಲ ಹೇಳಿದ್ದರು, ಬಾಗಿಲು ಸರಿಮಾಡಿದ್ದೇನೆ ಬನ್ನಿ ಅಂತ. ಆಕೆ ಮುನಿಸಿಕೊಳ್ಳಲಿಲ್ಲ. "ಇರ್ಲಿ ಬಿಡಿ ಸಾಬ್ರೇ, ನಿಮ್ಮೇಲೇನೂ ಕೋಪ ಇಲ್ಲ," ಅಂದರಂತೆ. "ಕೈಲಿ ತಳ್ಳೋ ಬಾಗಿಲಾದ್ರೆ ನಾನು ತಳ್ಳಿದ್ರೆ ತೆಗೀತದೆ, ಬಿಟ್ರೆ ಮುಚ್ಕೊತದೆ. ಅದಕ್ಕೆ ಮನಸು ಅಂತ ಒಂದಿಲ್ಲ. ಇದಕ್ಕೆ ಮನಸೈತೆ. ನನ್ನ ಕಂಡ್ರೆ ಆಗಲ್ಲ ಅದಕ್ಕೆ." ಆಮೇಲೆ ಚಾಂದ್ ಪಾಷಾ ಮತ್ತೆ ಕೇಳಲಿಲ್ಲ. ಬಲವಂತ ಮಾಡುವುದಕ್ಕೆ ಇದೇನು ಮದುವೆ ಊಟವೇ? ಆದರೆ ಆಸೆ ಮಾತ್ರ ಹೋಗಿಲ್ಲ. ಬೇರೆ ಏನೂ ಬೇಡ, ಆಯಮ್ಮ ಒಂದು ಸಲ ಮುಂದಿನಿಂದ ಒಳಗೆ ಹೋಗಬೇಕು. ಬಾಗಿಲು ಎರಡು ಸೆಕೆಂಡಿಗೆ ಇಳಿದರೆ ಆ ಆಸೆಗೆ ಅರ್ಥವೇ ಇರುವುದಿಲ್ಲ.

ಆರು ಗಂಟೆಗೆ ಐದು ನಿಮಿಷ ಇರುವಾಗಲೇ ವೇಣುಗೋಪಾಲ್ ಬರುತ್ತಾರೆ. ಹೊಸಕೋಟೆ ಕಡೆಯ ರೈತರ ಮನೆಯವರು, ನಲವತ್ತರ ಆಸುಪಾಸು, ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಒರಟರಲ್ಲ. "ಪಾಷಾ ಅವರೇ, ನನ್ ಕೈಲೇನಿಲ್ಲ. ಮೇಲಿಂದ ಬಂದಿದ್ದು," ಎಂದು ಮೊದಲೇ ಹೇಳಿಬಿಡುತ್ತಾರೆ. ಚಾಂದ್ ಪಾಷಾ ತಲೆಯಾಡಿಸಿ ದೇವೇಂದ್ರನ ಕೈಗೆ ಒಂದು ಕಾಗದ, ಪೆನ್ನು ಕೊಡುತ್ತಾರೆ. ಹೊಸ್ತಿಲು ಮುಟ್ಟಿದವರಿಗೆಲ್ಲ ಒಂದೊಂದು ಗೀಟು. ಎಲ್ಲರೂ ಬಾಗಿಲ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ.

ಘಾಟಿ ಕಡೆಯ ಬಸ್ಸು ಬರುತ್ತದೆ. ಟೋಕನ್ನಿಗೆ ಬಂದವರು, ಡಬ್ಬಿ ಚೀಲ ಹಿಡಿದವರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತುತ್ತಾರೆ. ಮೊದಲ ಆರು ಜನ ಹಾಗೇ ಒಳಗೆ ಹೋಗುತ್ತಾರೆ. ವೇಣುಗೋಪಾಲ್ ಗಡಿಯಾರ ನೋಡಿಕೊಳ್ಳುತ್ತಾರೆ. ಏಳನೆಯವರು ಬಗ್ಗುತ್ತಾರೆ. ಆಮೇಲೆ ಒಬ್ಬ ಅಜ್ಜ, ಕೋಲು ಕಂಕುಳಲ್ಲಿ ಸಿಕ್ಕಿಸಿಕೊಂಡು. ರಾತ್ರಿ ಪಾಳಿ ಮುಗಿಸಿ ಹೆಲ್ಮೆಟ್ ಕೈಯಲ್ಲೇ ಹಿಡಿದು ಬಂದ ಕಾರ್ಖಾನೆಯವನು ಪಟ್ಟಿಯನ್ನು ಮುಟ್ಟಿ ಎದೆಗೆ ಕೈ ಒತ್ತಿಕೊಳ್ಳುತ್ತಾನೆ. ಜೀನ್ಸ್ ತೊಟ್ಟ ಹುಡುಗಿ, ಕಿವಿಯಲ್ಲಿ ಇಯರ್‌ಫೋನು, ಬೆರಳ ತುದಿಯಲ್ಲಿ ಮುಟ್ಟಿದಂತೆ ಮಾಡಿ ಒಳಗೆ ಓಡುತ್ತಾಳೆ. ಬುರ್ಖಾ ತೊಟ್ಟ ಹೆಂಗಸು ನಿಂತು, ಕಣ್ಣು ಮುಚ್ಚಿ, ಬಿಸ್ಮಿಲ್ಲಾ ಹೇಳಿಕೊಂಡು ಬಲಗಾಲಿಡುತ್ತಾಳೆ. ಅದಕ್ಕೆ ಗೀಟು ಹಾಕಬೇಕೋ ಬೇಡವೋ ಎಂದು ದೇವೇಂದ್ರ ಚಾಂದ್ ಪಾಷಾರ ಮುಖ ನೋಡುತ್ತಾನೆ. ಹಾಕು ಅನ್ನುತ್ತಾರೆ. ನಿಂತರೂ ಬಾಗಿಲಿಗೆ ಕಾಣುವುದಿಲ್ಲ, ಬಗ್ಗಿದರೂ ಕಾಣುವುದಿಲ್ಲ.

ಅಷ್ಟರಲ್ಲಿ ವೇಣುಗೋಪಾಲ್‌ಗೆ ಫೋನು ಬಂತು. ಮಾತಾಡುತ್ತ ಮೆಟ್ಟಿಲಿಳಿದು ಹೋದರು. ನೀರಿನ ಟ್ಯಾಂಕರಿನ ವಿಚಾರ, ಯಾರಿಗೋ ಜೋರಾಗಿ ಬೈದರು. ಬೈಯುತ್ತಲೇ ವಾಪಸು ಬಂದರು. ಫೋನು ಕಿವಿ ಭುಜಗಳ ನಡುವೆ. ಬಾಗಿಲು ತೆರೆಯಿತು. ಬೈಗುಳ ನಿಲ್ಲಿಸದೆ, ತಮ್ಮ ಅರಿವಿಗೇ ಬಾರದ ಹಾಗೆ, ಬಗ್ಗಿ ಸ್ಟೀಲ್ ಪಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಬಂದರು.

ದೇವೇಂದ್ರ ಕೆಮ್ಮಿದ. "ಸಾರ್, ನಿಮ್ದೂ ಹಾಕ್ಕೊಳ್ಲಾ?"

"ಏನದು?"

"ಗೀಟು."

ವೇಣುಗೋಪಾಲ್ ತಮ್ಮ ಬಲಗೈ ನೋಡಿಕೊಳ್ಳುತ್ತಾರೆ. ಆಮೇಲೆ ನಕ್ಕುಬಿಡುತ್ತಾರೆ. "ಚಿಕ್ಕಂದಿನ ಅಭ್ಯಾಸ ಕಣಪ್ಪ. ಹಾಕ್ಕೋ." ಕಾಗದದಲ್ಲಿ ಇಪ್ಪತ್ತೇಳು ಗೀಟು. ಒಳಗೆ ಹೋದವರು ಎಪ್ಪತ್ತೊಂದು. ಎಷ್ಟು ಜನಕ್ಕೆ ಎರಡು ಸೆಕೆಂಡು ಸಾಲುತ್ತಿತ್ತು ಎಂದು ಚಾಂದ್ ಪಾಷಾ ಕೇಳುವುದಿಲ್ಲ. ವೇಣುಗೋಪಾಲ್ ಹೇಳುವುದೂ ಇಲ್ಲ. "ನೋಡೋಣ, ಬರೀತೀನಿ ಹೆಡ್ ಆಫೀಸಿಗೆ," ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಾರೆ.

ಇದೆಲ್ಲವನ್ನೂ ಇನ್ನೊಬ್ಬರು ನೋಡುತ್ತಿದ್ದರು. ಹೊಂಗೆ ಮರದ ಕೆಳಗಿನ ಸಿಮೆಂಟು ಬೆಂಚಿನಲ್ಲಿ ಮುನಿಲಕ್ಷ್ಮಮ್ಮ. ತಿಂಗಳ ತಪಾಸಣೆಯ ದಿನ, ಅದೇ ಬಸ್ಸಿಗೆ ಬಂದಿದ್ದರು. ಜನ ಕಡಿಮೆಯಾಗಲಿ ಎಂದು ಕೂತವರು ಈಗ ದೇವೇಂದ್ರನನ್ನು ಕೈಸನ್ನೆ ಮಾಡಿ ಕರೆಯುತ್ತಾರೆ. "ಅದೇನಪ್ಪಾ ಬರ್ಕೊಳ್ತಿದ್ದೀಯ, ರೇಷನ್ ಕಾರ್ಡಾ?"

ದೇವೇಂದ್ರ ಎಲ್ಲವನ್ನೂ ಹೇಳುತ್ತಾನೆ. ಅವತ್ತು ನೀನು ಬಿದ್ದೆಯಲ್ಲಮ್ಮ, ಅಂದಿನಿಂದ ಪಾಷಣ್ಣ ಬಾಗಿಲನ್ನು ಒಂಬತ್ತು ಎಣಿಸುವವರೆಗೆ ಕಾಯುವ ಹಾಗೆ ಮಾಡಿದ್ದಾರೆ, ಈಗ ಅದನ್ನು ತೆಗೆಸಬೇಕು ಅಂತಿದ್ದಾರೆ, ಎಷ್ಟು ಜನ ಬಗ್ಗುತ್ತಾರೆ ಅಂತ ಲೆಕ್ಕ.

ಮುನಿಲಕ್ಷ್ಮಮ್ಮ ಬಾಗಿಲ ಕಡೆ ನೋಡಿದರು. "ಪ್ರತಿ ಸಲ ಬಂದಾಗ್ಲೂ ಆ ಸಾಬ್ರು ಬಗ್ಗಿ ಬಗ್ಗಿ ಏಳ್ತಿದ್ರು. ಸೊಂಟ ಹಿಡ್ಕೊಂಡೈತೇನೋ ಪಾಪ ಅನ್ಕೊಂಡಿದ್ದೆ," ಅಂದರು. ಆಮೇಲೆ ಚೀಲ ಎತ್ತಿಕೊಂಡು ಎದ್ದರು. "ಹಂಗಾದ್ರೆ ನನ್ನೂ ಬರ್ಕೊಳ್ಳಪ್ಪ."

ಅರವತ್ತೆಂಟರ ಕುಳ್ಳನೆಯ ಹೆಂಗಸು ಆಂಬುಲೆನ್ಸ್ ಬಾಗಿಲ ಕಡೆ ತಿರುಗದೆ ನೇರ ಮೆಟ್ಟಿಲು ಹತ್ತಿ ಬರುವುದನ್ನು ಚಾಂದ್ ಪಾಷಾ ಒಳಗಿನಿಂದ ಗಾಜಿನ ಮೂಲಕ ನೋಡುತ್ತಾರೆ. ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತಾರೆ, ಬಿಚ್ಚುತ್ತಾರೆ, ಮತ್ತೆ ಮಡಿಸುತ್ತಾರೆ. ಬಾಗಿಲು ತೆರೆಯುತ್ತದೆ. ಮುನಿಲಕ್ಷ್ಮಮ್ಮ ಚಪ್ಪಲಿ ಬಿಡುತ್ತಾರೆ. ಚೀಲವನ್ನು ಪಕ್ಕಕ್ಕಿಡುತ್ತಾರೆ. ತೆರೆದ ಕದಗಳನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ನೋಡುತ್ತಾರೆ. ಬಗ್ಗುತ್ತಾರೆ.

ಚಾಂದ್ ಪಾಷಾರ ತುಟಿ ಅಲ್ಲಾಡತೊಡಗುತ್ತದೆ. ಒಂದು. ಎರಡು. ಮೂರು.

ಆಕೆಯ ಕೈ ಪಟ್ಟಿಯ ಮೇಲಿದೆ. ಕಣ್ಣು ಮುಚ್ಚಿದೆ. ಒಂದು ಸಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡನೆಯ ಸಲ. ಆರು ವರ್ಷದ ಬಾಕಿ ನಮಸ್ಕಾರ, ಒಂದಕ್ಕೆ ತೀರುವುದುಂಟೆ? ಮೂರನೆಯ ಸಲ. ಏಳು. ಎಂಟು. ಆಕೆ ಇನ್ನೂ ಎದ್ದಿಲ್ಲ.

ಒಂಬತ್ತು. ಕದಗಳು ನಡುಗಿ ಹೊರಟವು.

ಚಾಂದ್ ಪಾಷಾ ಒಂದು ಹೆಜ್ಜೆ ಮುಂದಿಟ್ಟು, ನೋವಿನ ಬಲಗೈಯನ್ನೇ ಬಾಗಿಲ ಕಣ್ಣಿನ ಮುಂದೆ ಎತ್ತಿ ಆಡಿಸಿದರು. ಕದಗಳು ಅರ್ಧ ಅಡಿ ಬಂದವು, ತಡೆದವು, ಹಿಂದಕ್ಕೆ ಸರಿದು ಗೋಡೆ ಸೇರಿಕೊಂಡವು. ಬಗ್ಗಿದ ಹೆಂಗಸಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಮಂಡಿ ಹಿಡಿದು ಎದ್ದರು, ಚಪ್ಪಲಿ ಮೆಟ್ಟಿದರು, ಚೀಲ ಎತ್ತಿಕೊಂಡರು. ಬಲಗಾಲಿಟ್ಟು ಒಳಗೆ ಬಂದರು. ಅವರ ಹಿಂದೆ ಬಾಗಿಲು ತನ್ನ ಪಾಡಿಗೆ ತಾನು ಮುಚ್ಚಿಕೊಂಡಿತು. ಮುನಿಲಕ್ಷ್ಮಮ್ಮ ಟೋಕನ್ ಕೌಂಟರಿನ ಸಾಲಿಗೆ ಹೋಗಿ ನಿಂತರು.

ವೇಣುಗೋಪಾಲ್ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಚಾಂದ್ ಪಾಷಾ ಏಣಿ ಎಳೆದು ಬಾಗಿಲ ಪಕ್ಕಕ್ಕೆ ನಿಲ್ಲಿಸಿಯಾಗಿದೆ.

"ಒಂಬತ್ತು ಸಾಲಲ್ಲ ಸಾರ್," ಅನ್ನುತ್ತಾರೆ. "ಹದಿಮೂರು ಬೇಕು."

"ಪಾಷಾ ಅವರೇ, ನಾನು ಎರಡು ಕೇಳೋಕೆ ಬಂದೋನು."

"ಗೊತ್ತು ಸಾರ್. ನಿಮಗೆ ತೊಂದ್ರೆ ಆಗೋದೂ ಗೊತ್ತು. ಅವ್ರು ಇಳಿಸಬೇಕು ಅಂದ್ರೆ ಬೇರೆಯವ್ರನ್ನ ಕರ್ಸಿ ಇಳಿಸ್ಲಿ. ನನ್ನ ಕೈ ಇರೋವರ್ಗೂ ಇದು ಹದಿಮೂರು."

"ಹೆಡ್ ಆಫೀಸಿಗೆ ಏನಂತ ಬರೀಲಿ ಹೇಳಿ."

"ಇಪ್ಪತ್ತೆಂಟು ಗೀಟು ಅಂತ ಬರೀರಿ. ಕೊನೇದು ಮುನಿಲಕ್ಷ್ಮಮ್ಮ ಅಂತ ಹೆಸರು ಹಾಕಿ ಬರೀರಿ."

ವೇಣುಗೋಪಾಲ್ ಆ ಕಾಗದವನ್ನು ದೇವೇಂದ್ರನ ಕೈಯಿಂದ ಇಸಿದುಕೊಂಡು, ನಾಲ್ಕಾಗಿ ಮಡಿಸಿ, ಅಂಗಿಯ ಜೇಬಿಗಿಟ್ಟುಕೊಂಡು ಒಳಗೆ ಹೋದರು. ಈ ಬರಹ ಅಚ್ಚಿಗೆ ಹೋಗುವವರೆಗೆ ಬೆಂಗಳೂರಿನಿಂದ ಉತ್ತರ ಬಂದಿಲ್ಲ. ತಿಂಗಳ ಕೊನೆಗೆ ಆ ಐದು ಬಾಗಿಲುಗಳು ಯಾರ ಕೈಗೆ ಹೋಗುತ್ತವೆ ಎಂದು ಪರ್ವೀನ್‌ಗೂ ಗೊತ್ತಿಲ್ಲ, ಚಾಂದ್ ಪಾಷಾರಿಗೂ ಗೊತ್ತಿಲ್ಲ.

ಏಣಿಯ ಮೂರನೆಯ ಮೆಟ್ಟಿಲಲ್ಲಿ ನಿಂತು, ಪೆಟ್ಟಿಗೆಯ ಮುಚ್ಚಳ ತೆಗೆದು, ಅವರು ಸಮಯದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಬೆನ್ನು ಟೋಕನ್ ಸಾಲಿನ ಕಡೆಗಿದೆ. ತಿರುಗಲು ಧೈರ್ಯ ಸಾಲದೋ, ಭುಜದ ನೋವೋ.

"ದೇವೇಂದ್ರ," ಎಂದು ಮೆಲ್ಲಗೆ ಕೇಳುತ್ತಾರೆ, "ಆಯಮ್ಮ ಬಾಗಿಲ ಕಡೆ ತಿರುಗಿ ನೋಡಿದ್ರಾ?"

"ಇಲ್ಲ ಪಾಷಣ್ಣ. ಸಾಲಲ್ಲಿ ಯಾರ ಜೊತೇನೋ ಮಾತಾಡ್ತಾವ್ರೆ."

ಚಾಂದ್ ಪಾಷಾ ಮುಚ್ಚಳ ಹಾಕಿ, ತಿರುಪು ಬಿಗಿದು, ಮಡಿಸಿದ್ದ ಬಟ್ಟೆಯಲ್ಲಿ ಮೊದಲು ಬಾಗಿಲ ಕಣ್ಣನ್ನು, ಆಮೇಲೆ ತಮ್ಮ ಕಣ್ಣನ್ನು ಒರೆಸಿಕೊಳ್ಳುತ್ತಾರೆ.

"ಹಂಗಾದ್ರೆ ಬಾಗಿಲು ಸರಿ ಇದೆ," ಅನ್ನುತ್ತಾರೆ.